ಮಣ್ಣು, ತಿಗರಿ, ಆವಿಗೆ: ವರದೆಯ ದಂಡೆಯ ಕುಂಬಾರ ಮನೆಗಳ ಸಲಕರಣೆ

ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ವರದಾ ನದಿಯ ದಂಡೆಯಲ್ಲಿರುವ ಕರ್ಜಗಿಯು, ಹರಿದಾಸ ಸಾಹಿತ್ಯವನ್ನು ಬಲ್ಲವರಿಗೆ ಶ್ರೀದವಿಠಲ ಅಂಕಿತದ ಕರ್ಜಗಿ ದಾಸಪ್ಪನವರ ಮೂಲಕ, ಆಡಳಿತದ ಚರಿತ್ರೆಯನ್ನು ಬಲ್ಲವರಿಗೆ ಹಿಂದಿನ ಧಾರವಾಡ ಜಿಲ್ಲೆಯ ತಾಲ್ಲೂಕೊಂದರ ಹೆಸರಿನ ಮೂಲಕ ಪರಿಚಿತವಾದ ಊರು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ ಧಾರವಾಡ ಸಂಪುಟವು ಕರ್ಜಗಿಯನ್ನು ಜಿಲ್ಲೆಯ ಉಪವಿಭಾಗಗಳಲ್ಲಿ ಒಂದಾಗಿ ಎಣಿಸುತ್ತದೆ ಮತ್ತು ಜಿಲ್ಲೆಯ ಕಸುಬುದಾರರ ನಡುವೆ ಕುಂಬಾರರಿಗೂ ಸ್ಥಾನ ಕೊಡುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಕುಂಬಾರನಿಗೆ ಮನೆಯೇ ಕಾರ್ಖಾನೆಯಾಗಿತ್ತು: ಅಂಗಳದಲ್ಲಿ ಮಣ್ಣು ನೆನೆಯುತ್ತಿತ್ತು, ಪಡಸಾಲೆಯಲ್ಲೋ ಚಪ್ಪರದಡಿಯಲ್ಲೋ ತಿಗರಿ ತಿರುಗುತ್ತಿತ್ತು, ಹಿತ್ತಿಲಲ್ಲಿ ಅಥವಾ ಊರಂಚಿನ ಬಯಲಿನಲ್ಲಿ ಆವಿಗೆ ಉರಿಯುತ್ತಿತ್ತು. ಈ ಮೂರರಲ್ಲಿ ತಿಗರಿ, ಅಂದರೆ ಕುಂಬಾರನ ಚಕ್ರ, ಎಲ್ಲರ ಕಣ್ಣಿಗೆ ಬೀಳುವುದರಿಂದ ಕಸುಬಿನ ಗುರುತಾಗಿ ನಿಂತಿದೆಯಾದರೂ, ಈ ನೆಲದ ಕುಂಬಾರಿಕೆಯ ಚರಿತ್ರೆಯನ್ನು ಗಮನಿಸಿದರೆ ಮೊದಲ ಆಯ್ಕೆ ಮಣ್ಣಿನದಾಗಿತ್ತೆಂಬುದೂ, ಉಳಿದ ಸಲಕರಣೆಗಳು ಆ ಮಣ್ಣಿನ ಗುಣಕ್ಕೆ ತಕ್ಕಂತೆ ರೂಪ ಪಡೆದವೆಂಬುದೂ ಸ್ಪಷ್ಟವಾಗುತ್ತದೆ.

ಚಕ್ರಕ್ಕಿಂತ ಮಣ್ಣು ಮತ್ತು ಬೆಂಕಿಯ ಜ್ಞಾನವೇ ಹಿರಿದೆಂಬುದಕ್ಕೆ ಕರ್ಜಗಿಯು ಇಂದು ಸೇರಿರುವ ಹಾವೇರಿ ಜಿಲ್ಲೆಯಲ್ಲಿಯೇ ದೊಡ್ಡ ಸಾಕ್ಷಿಯಿದೆ. ತುಂಗಭದ್ರೆಯ ಎಡದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ, ನವಶಿಲಾಯುಗದ ಜನರು ಕೈಯಿಂದಲೇ ರೂಪಿಸಿ ಮೈಯನ್ನು ಉಜ್ಜಿ ನಯಗೊಳಿಸಿದ ಬೂದುಬಣ್ಣದ ಮಡಕೆಗಳೂ, ಅವುಗಳ ಮೇಲಿನ ಪದರಗಳಲ್ಲಿ ಕಬ್ಬಿಣದ ಬಳಕೆಯೊಂದಿಗೆ ಕಾಣಿಸಿಕೊಳ್ಳುವ ಕಪ್ಪು-ಕೆಂಪು ಮಡಕೆಗಳೂ ದೊರೆತವು. ಒಳಮೈ ಮತ್ತು ಬಾಯಂಚು ಕಪ್ಪಾಗಿ, ಹೊರಮೈ ಕೆಂಪಾಗಿ ಇರುವ ಈ ಪಾತ್ರೆಗಳನ್ನು ಬೋರಲು ಹಾಕಿ ಸುಡುತ್ತಿದ್ದರೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಬೂದಿ ಮತ್ತು ಹೊಟ್ಟಿನಲ್ಲಿ ಹುದುಗಿ ಗಾಳಿ ತಾಗದ ಭಾಗವು ಹೊಗೆಯ ಇಂಗಾಲವನ್ನು ಹೀರಿ ಕಪ್ಪಾಗುತ್ತದೆ, ಗಾಳಿಗೆ ಒಡ್ಡಿಕೊಂಡ ಭಾಗದಲ್ಲಿ ಮಣ್ಣಿನ ಕಬ್ಬಿಣಾಂಶವು ಆಮ್ಲಜನಕದೊಂದಿಗೆ ಕೂಡಿ ಕೆಂಪಾಗುತ್ತದೆ. ಒಂದೇ ಮಣ್ಣು, ಒಂದೇ ಬೆಂಕಿ. ಗಾಳಿಯ ಹದವೊಂದರಿಂದ ಎರಡು ಬಣ್ಣ. ಇಷ್ಟು ಸೂಕ್ಷ್ಮವಾದ ತಿಳಿವಳಿಕೆಯು ಮೂರು ಸಾವಿರ ವರ್ಷಗಳಷ್ಟು ಹಿಂದೆಯೇ ಈ ನದೀತೀರದಲ್ಲಿ ನೆಲೆಗೊಂಡಿತ್ತೆಂಬುದು ಹೆಮ್ಮೆಯಿಂದ ಹೇಳಬೇಕಾದ ಸಂಗತಿ.

ಕರ್ಜಗಿಯ ಸುತ್ತಲಿನ ನೆಲವು ಕುಂಬಾರನಿಗೆ ಸುಲಭದ ನೆಲವಲ್ಲ. ಹತ್ತಿ ಬೆಳೆಯುವ ಎರೆಮಣ್ಣು ನೋಡುವುದಕ್ಕೆ ಜಿಗುಟಾಗಿದ್ದು ಕೈಗೆ ಒಗ್ಗುವಂತೆ ತೋರಿದರೂ, ಅದರಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ವರ್ಗದ ಖನಿಜಗಳು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಹಳವಾಗಿ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲವು ಬಿರಿಯುವುದಕ್ಕೆ ಏನು ಕಾರಣವೋ, ಬರಿಯ ಎರೆಮಣ್ಣಿನ ಗಡಿಗೆ ನೆರಳಿನಲ್ಲಿಯೇ ಸೀಳುವುದಕ್ಕೂ ಅದೇ ಕಾರಣ. ಎರಡನೆಯ ತೊಡಕು ಸುಣ್ಣದ ಹರಳುಗಳದು. ಎರೆನೆಲದಲ್ಲಿ ಅಲ್ಲಲ್ಲಿ ಸಿಗುವ ಈ ಬಿಳಿಯ ಹರಳು ಮಣ್ಣಿನಲ್ಲಿ ಉಳಿದರೆ, ಆವಿಗೆಯ ತಾಪಕ್ಕೆ ಸುಟ್ಟಸುಣ್ಣವಾಗಿ ಮಾರ್ಪಟ್ಟು, ಗಡಿಗೆ ಹೊರಬಂದ ಮೇಲೆ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಕೆಲವು ದಿನಗಳಲ್ಲಿ ಮೈಯ ಒಂದು ಚೂರನ್ನು ಸಿಡಿಸಿ ಹಾಕುತ್ತದೆ. ಚೆನ್ನಾಗಿ ಸುಟ್ಟ, ದನಿಗೊಡುವ, ಮಾರಾಟವೂ ಆಗಿಹೋದ ಹರವಿಯೊಂದು ಕೊಂಡವರ ಮನೆಯಲ್ಲಿ ಹೀಗೆ ಕೆಡುವುದಕ್ಕಿಂತ ದೊಡ್ಡ ಅಪಖ್ಯಾತಿ ಕುಂಬಾರನಿಗೆ ಇರಲಾರದು.

ಈ ಕಾರಣದಿಂದ ಉತ್ತರ ಕರ್ನಾಟಕದ ಕುಂಬಾರರು ಕೆರೆಯ ಅಂಗಳದ ಜೇಡಿಮಣ್ಣನ್ನು ಹುಡುಕಿಕೊಂಡು ಹೋದರು. ಹರಿದು ಬರುವ ನೀರು ಕಲ್ಲುಮರಳನ್ನು ದಾರಿಯಲ್ಲಿಯೇ ಬಿಟ್ಟು ನವುರಾದ ಕಣವನ್ನು ಮಾತ್ರ ಕೆರೆಯ ನಡುವಿಗೆ ತಂದು ಇಳಿಸುವುದರಿಂದ, ಕೆರೆಯು ನಿಸರ್ಗವೇ ಮಾಡಿಕೊಟ್ಟ ಜರಡಿಯಾಗಿತ್ತು. ಬೇಸಿಗೆಯಲ್ಲಿ ನೀರು ಬತ್ತಿದಾಗ ಮೇಲಿನ ಕಸಬೇರಿನ ಪದರವನ್ನು ಸರಿಸಿ ಅಗೆದು, ಕತ್ತೆಯ ಬೆನ್ನಿನ ಮೇಲೋ ಬಂಡಿಯಲ್ಲೋ ಹೇರಿ ತಂದು, ಮಳೆಗಾಲಕ್ಕೆ ಮುಂಚೆ ವರ್ಷದ ಅಗತ್ಯದಷ್ಟನ್ನು ಮನೆಯ ಬಳಿ ಒಟ್ಟಿಕೊಳ್ಳುವುದು ರೂಢಿ. ಒಣಗಿದ ಹೆಂಟೆಗಳನ್ನು ಕುಟ್ಟಿ, ಹರಳು ಆರಿಸಿ, ಕುಣಿಯಲ್ಲಿ ನೆನೆಹಾಕಿ, ಕಾಲಿನಿಂದ ತುಳಿದು, ಕೈಯಿಂದ ನಾದುವ ಕೆಲಸದಲ್ಲಿ ಮನೆಮಂದಿಯೆಲ್ಲರೂ ಸೇರುತ್ತಿದ್ದರು. ತುಳಿಯುವಾಗ ಅಂಗಾಲಿಗೆ ತಾಗಿದ ಹರಳನ್ನು ಹೆಕ್ಕಿ ಎಸೆಯುವುದು ಈ ಕೆಲಸದ ಭಾಗವೇ ಆಗಿತ್ತು. ನೆನೆದ ಮಣ್ಣು ಹೆಚ್ಚು ದಿನ ಕಳೆದಷ್ಟೂ ನೀರು ಪ್ರತಿ ಕಣವನ್ನೂ ಹೊಕ್ಕು ಅದರ ಎಳೆತನ, ಅಂದರೆ ಮುರಿಯದೆ ಬಾಗುವ ಗುಣ, ಹೆಚ್ಚುತ್ತದೆ. ಬತ್ತಿಯಂತೆ ಹೊಸೆದು ಬೆರಳಿಗೆ ಸುತ್ತಿದಾಗ ಬಿರುಕು ಬಿಡದಿದ್ದರೆ ಮಣ್ಣು ಹದಕ್ಕೆ ಬಂದಿದೆಯೆಂದು ತಿಳಿಯುವ ಸರಳ ಪರೀಕ್ಷೆಯನ್ನು ಇಂದಿನ ಕಲಾಶಾಲೆಗಳಲ್ಲಿಯೂ ಕಲಿಸುತ್ತಾರೆ.

ಅನಂತರದ ಆಯ್ಕೆ ಬೆರಕೆಯದು. ಹೊಳೆಯ ಸಣ್ಣ ಮರಳು, ಜರಡಿ ಹಿಡಿದ ಬೂದಿ, ಹೊಟ್ಟು, ಒಣಗಿಸಿ ಪುಡಿಮಾಡಿದ ಲದ್ದಿ ಇವುಗಳಲ್ಲಿ ಒಂದನ್ನೋ ಎರಡನ್ನೋ ಬೆರೆಸಿದಾಗ ಮಣ್ಣಿನ ಕುಗ್ಗುವಿಕೆ ತಗ್ಗುತ್ತದೆ, ತೇವವು ಒಳಗಿನಿಂದ ಸಮನಾಗಿ ಹೊರಬರಲು ದಾರಿಯಾಗುತ್ತದೆ. ಆದರೆ ಎಲ್ಲ ಪಾತ್ರೆಗೂ ಒಂದೇ ಬೆರಕೆ ಸಲ್ಲುವುದಿಲ್ಲ. ಒಲೆಯ ಮೇಲೇರುವ ಅಡುಗೆಯ ಗಡಿಗೆಗೂ ರೊಟ್ಟಿಯ ಹಂಚಿಗೂ ಮರಳು ಹೆಚ್ಚಿರಬೇಕು, ಏಕೆಂದರೆ ಮರಳುಗೂಡಿದ ಮೈಯಲ್ಲಿ ಹಠಾತ್ ಶಾಖದಿಂದ ಹುಟ್ಟುವ ಬಿರುಕು ಮುಂದುವರಿಯದೆ ಅಲ್ಲಲ್ಲಿಯೇ ನಿಲ್ಲುತ್ತದೆ. ನೀರಿನ ಹರವಿಗೆ ಬೇಕಾದದ್ದು ಸೂಕ್ಷ್ಮವಾದ ರಂಧ್ರಗಳು. ಸುಟ್ಟಾಗ ಹೊಟ್ಟು ಮತ್ತು ಲದ್ದಿ ಉರಿದುಹೋಗಿ ಉಳಿಸುವ ತೆರಪಿನ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುವುದರಿಂದಲೇ ಒಳಗಿನ ನೀರು ತಂಪಾಗುತ್ತದೆ. ಧಾನ್ಯ ತುಂಬುವ ಗುಡಾಣಕ್ಕೆ ದಪ್ಪವೂ ಬಲವೂ ಮುಖ್ಯ, ಹಣತೆಗೆ ನವುರು ಮುಖ್ಯ. ಮಣ್ಣನ್ನು ಪಾತ್ರೆಯ ಉಪಯೋಗದಿಂದ ಹಿಂದಕ್ಕೆ ಯೋಚಿಸಿ ಕೂಡಿಸುವ ಈ ಕ್ರಮವು ಬರೆದಿಟ್ಟ ಸೂತ್ರವಿಲ್ಲದೆ, ತಲೆಮಾರಿನಿಂದ ತಲೆಮಾರಿಗೆ ಕೈಯ ಅಳತೆಯಲ್ಲಿಯೇ ಸಾಗಿಬಂದಿತು.

ತಿಗರಿಯ ರಚನೆ ಸರಳವಾದುದು: ನೆಲದಲ್ಲಿ ಹೂತ ಗಟ್ಟಿಯಾದ ಗೂಟದ ಮೊನೆಯ ಮೇಲೆ ಸಮತೂಕದಲ್ಲಿ ಕೂರುವ ಭಾರವಾದ ಚಕ್ರ, ಅದನ್ನು ತಿರುವಲು ಒಂದು ಕೋಲು. ಚಕ್ರದ ಅಂಚಿಗೆ ನಾರು ಬೆರೆಸಿದ ಮಣ್ಣನ್ನು ಮೆತ್ತಿ ತೂಕ ಹೆಚ್ಚಿಸುವ ಪದ್ಧತಿ ದೇಶದ ಹಲವೆಡೆ ಇದೆ. ಆ ತೂಕವೇ ಕೋಲಿನಿಂದ ಪಡೆದ ವೇಗವನ್ನು ಹಿಡಿದಿಟ್ಟು, ಕುಂಬಾರನ ಎರಡೂ ಕೈಗಳನ್ನು ಮಣ್ಣಿಗೆ ಬಿಟ್ಟುಕೊಡುತ್ತದೆ. ಇದರ ಆರೈಕೆಯಲ್ಲಿ ಮೊನೆ ಸವೆಯದಂತೆ ಎಣ್ಣೆಯೂಡುವುದು, ಅಂಚಿನ ಬಿರುಕಿಗೆ ಮಣ್ಣು ಮೆತ್ತಿ ಸಮತೂಕ ಕಾಯುವುದು, ಮಹಾನವಮಿಯಲ್ಲಿ ಪೂಜಿಸಿ ವಿರಾಮ ಕೊಡುವುದು ಸೇರಿದ್ದವು. ಆದರೆ ದೊಡ್ಡ ಪಾತ್ರೆಯು ಚಕ್ರದ ಮೇಲೆ ಪೂರ್ಣವಾಗುವುದಿಲ್ಲವೆಂಬುದು ಹೆಚ್ಚಿನವರಿಗೆ ತಿಳಿಯದ ಮಾತು. ತಿಗರಿಯಿಂದ ದಪ್ಪ ಗೋಡೆಯೊಂದಿಗೆ ಇಳಿದ ಗಡಿಗೆಯು ಅರೆಬರೆ ಆರಿದಾಗ, ಒಳಗೆ ಗುಂಡನೆಯ ಕಲ್ಲನ್ನು ಒತ್ತಿಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ, ಅಂಟದಂತೆ ಬೂದಿ ಉದುರಿಸುತ್ತ ಹೋದರೆ, ಗೋಡೆ ತೆಳುವಾಗಿ ಬಿಗಿಯಾಗಿ ತಳವು ದುಂಡಗಾಗುತ್ತದೆ. ಮೂಲೆಯಿಲ್ಲದ ದುಂಡು ತಳಕ್ಕೆ ಶಾಖ ಸಮನಾಗಿ ಹರಡುತ್ತದೆ, ಅದು ಮೂರು ಕಲ್ಲಿನ ಒಲೆಯ ಮೇಲೂ ಸಿಂಬಿಯ ಮೇಲೂ ಭದ್ರವಾಗಿ ಕೂರುತ್ತದೆ. ಕಲ್ಲು ಮತ್ತು ಹಲಗೆ ತಿಗರಿಯಷ್ಟೇ ಗೌರವಕ್ಕೆ ಅರ್ಹವಾದ ಸಲಕರಣೆಗಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯು ಆವಿಗೆಯ ಬೆಂಕಿಗೂ ಅನ್ವಯಿಸುತ್ತದೆ, ಏಕೆಂದರೆ ವಾರಗಟ್ಟಲೆಯ ದುಡಿಮೆಯು ಒಂದು ರಾತ್ರಿಯ ಉರಿಯಲ್ಲಿ ಉಳಿಯಬಹುದು ಅಥವಾ ಹಾಳಾಗಬಹುದು. ನೆಲದ ಮೇಲೆ ಕುರುಳು ಮತ್ತು ಕಟ್ಟಿಗೆಯನ್ನು ಹಾಸಿ, ಒಣಗಿದ ಪಾತ್ರೆಗಳನ್ನು ಒಂದರ ಮೇಲೊಂದು ಜೋಡಿಸಿ, ಹುಲ್ಲು, ಬೂದಿ, ಹಳೆಯ ಬೋಕಿಗಳನ್ನು ಮುಚ್ಚಿ ಸುಡುವ ತೆರೆದ ಆವಿಗೆಯು ಸಾಮಾನ್ಯವಾಗಿ 600ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪವನ್ನು ಮುಟ್ಟುತ್ತದೆ. ಹಸಿ ತೇವವು ಮೊದಲು ಮೆಲ್ಲಗೆ ಹೊರಹೋಗದಿದ್ದರೆ ಪಾತ್ರೆ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಮರಳಿನ ಸ್ಫಟಿಕವು ತಟ್ಟನೆ ಹಿಗ್ಗುತ್ತದೆ, ಆರುವಾಗ ಅದೇ ತಾಪದಲ್ಲಿ ಮತ್ತೆ ಕುಗ್ಗುತ್ತದೆ. ಆವಿಗೆಯನ್ನು ಅವಸರದಲ್ಲಿ ತೆರೆಯಬಾರದೆಂಬ ಹಿರಿಯರ ಕಟ್ಟುನಿಟ್ಟಿಗೆ ಇಲ್ಲಿ ವೈಜ್ಞಾನಿಕ ಆಧಾರವಿದೆ. ಒಡೆದ ಗಡಿಗೆಯ ಬೋಕಿಯು ಮುಂದಿನ ಸುಡುವಿಕೆಯ ಹೊದಿಕೆಯಾಗಿ ಬಳಕೆಯಾಗುತ್ತಿದ್ದುದರಿಂದ ನಷ್ಟವೂ ಸಲಕರಣೆಯಾಗಿ ಮರಳುತ್ತಿತ್ತು. ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಕಡ್ಡಿಯೂ ಕಸವೂ ಉರುವಲಿನ ಒಂದು ಆಸರೆ.

ಇಂತಹ ಮನೆಯ ಖರ್ಚನ್ನು ಹೊತ್ತವರು ಊರವರೇ. ಕುಂಬಾರನು ಹನ್ನೆರಡು ಆಯಗಾರರಲ್ಲಿ ಒಬ್ಬ. ವರ್ಷವಿಡೀ ರೈತರ ಮನೆಗಳಿಗೆ ಗಡಿಗೆ ಮಡಕೆ ಒದಗಿಸಿ, ಸುಗ್ಗಿಯಲ್ಲಿ ಕಣದಲ್ಲಿಯೇ ತನ್ನ ಪಾಲಿನ ಕಾಳನ್ನು, ಅಂದರೆ ಆಯವನ್ನು, ಪಡೆಯುತ್ತಿದ್ದ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಷಾಢದ ಮಂಗಳವಾರಗಳ ಗುಳ್ಳವ್ವ, ಭಾದ್ರಪದದ ಗಣಪತಿ ಮತ್ತು ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ, ಮದುವೆಯಲ್ಲಿ ಕುಂಬಾರರ ಮನೆಯಿಂದ ವಾದ್ಯದೊಂದಿಗೆ ತರುವ ಐರಣಿಯ ಗಡಿಗೆಗಳು: ಹೀಗೆ ಹಬ್ಬಗಳ ಸಾಲೇ ಕಸುಬಿನ ವರ್ಷವನ್ನು ಹಂಚಿಕೊಟ್ಟಿತ್ತು. ಈ ಜಿಲ್ಲೆಯ ಅಬಲೂರಿನ ಕುಂಬಾರ ಹೆಣ್ಣುಮಗಳಾದ ಮಾಳಿಯ ಮಗನೇ ಸರ್ವಜ್ಞನೆಂದು ಪರಂಪರೆ ನಂಬಿಕೊಂಡು ಬಂದಿರುವುದರಿಂದ, ಕುಂಬಾರ ಸಮುದಾಯವು ಅವನನ್ನು ತನ್ನವನೆಂದು ಆದರಿಸುತ್ತದೆ.

ಮಾರ್ಪಾಡು ಬಂದದ್ದು ಹೊರಗಿನಿಂದ. ಕುಂಬಾರರು ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಉದ್ದಕ್ಕೆ ಸೀಳಿ, ಒಣಗಿಸಿ ಸುಡುತ್ತಿದ್ದ ನಾಡಹೆಂಚಿಗೆ ಎದುರಾಳಿಯಾಗಿ, 1865ರಲ್ಲಿ ಬಾಸೆಲ್ ಮಿಷನ್ನಿನ ಗೆಯೋರ್ಗ್ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಅಚ್ಚಿನ ಹೆಂಚು ಬಂದಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ–ಹರಿಹರ ಮಾರ್ಗವು ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾದುಹೋದ ಮೇಲೆ ದೂರದ ಸರಕು ಹತ್ತಿರವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ಕುಗಳು ಒಲೆಯನ್ನೂ ನೀರಿನ ಮನೆಯನ್ನೂ ಆಕ್ರಮಿಸಿದವು, ಆಯದ ಕಾಳು ನಿಂತುಹೋಯಿತು.

ಕಸುಬನ್ನು ಉಳಿಸುವ ಪ್ರಯತ್ನಗಳು ಸಲಕರಣೆಯ ಸುಧಾರಣೆಯಿಂದಲೇ ತೊಡಗಿದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗಕ್ಕೆ ಸೇರಿದ, ಬೆಳಗಾವಿ ಜಿಲ್ಲೆಯ ಖಾನಾಪುರದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯು ತರಬೇತಿ ಕೊಡುತ್ತ ಬಂದಿತು. ಆಯೋಗವು 2018ರಲ್ಲಿ ಆರಂಭಿಸಿದ ಕುಂಬಾರ ಸಬಲೀಕರಣ ಯೋಜನೆಯಡಿ ವಿದ್ಯುತ್ ತಿಗರಿಗಳನ್ನು ಹಂಚಲಾಯಿತು. ವಿದ್ಯುತ್ ತಿಗರಿಯು ಭುಜದ ದಣಿವನ್ನು ಕಳೆಯಿತು, ಮತ್ತು ಬಹುಕಡೆ ಚಕ್ರದಿಂದ ದೂರವಿರಿಸಲ್ಪಟ್ಟಿದ್ದ ಹೆಂಗಸರು ಅದರ ಮುಂದೆ ಕೂರುವುದನ್ನು ಸುಲಭಗೊಳಿಸಿತು. ಇದು ಸಣ್ಣ ಬದಲಾವಣೆಯಲ್ಲ. ಜೊತೆಗೆ ಹೊಸ ಆರೈಕೆಯೂ ಬಂದಿತು: ಮೋಟಾರಿಗೆ ನೀರು ಇಳಿಯದಂತೆ ಕಾಯಬೇಕು, ಬೆಲ್ಟಿನ ಬಿಗಿಯನ್ನೂ ಬೇರಿಂಗಿನ ಸವಕಳಿಯನ್ನೂ ನೋಡಿಕೊಳ್ಳಬೇಕು.

ನಗರಗಳಲ್ಲಿ ಮನೆಯೊಳಗೇ ಕುಂಬಾರಿಕೆಯ ಕೋಣೆ ಕಟ್ಟಿಕೊಳ್ಳುವ ಹವ್ಯಾಸಿಗಳ ಕ್ರಮ ಬೇರೆ ಮೂಲದ್ದು. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅವರು ಪುದುಚೇರಿಯಲ್ಲಿ ಸ್ಥಾಪಿಸಿದ ಗೋಲ್ಡನ್ ಬ್ರಿಜ್ ಪಾಟರಿಯಂತಹ ಕೇಂದ್ರಗಳಿಂದ ದಕ್ಷಿಣ ಭಾರತದಲ್ಲಿ ಹರಡಿದ ಈ ಕ್ರಮದಲ್ಲಿ, 1200 ಡಿಗ್ರಿಯನ್ನು ಮೀರಿದ ತಾಪದಲ್ಲಿ ಸುಟ್ಟು ಗಾಜಿನ ಲೇಪ ಕೊಡುವ ಗಟ್ಟಿ ಪಾತ್ರೆಗಳೇ ಪ್ರಧಾನ. ಅಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ತಿಗರಿಯನ್ನು; ಆದರೆ ಯಾವ ಭಟ್ಟಿ ಎಷ್ಟು ತಾಪವನ್ನು ಕೊಡಬಲ್ಲದೆಂಬುದು ನಿರ್ಧಾರವಾಗುವ ಮುನ್ನ ಮಣ್ಣನ್ನೂ ಲೇಪವನ್ನೂ ಆರಿಸಲಾಗದು, ಏಕೆಂದರೆ ಕೆರೆಯ ಕೆಂಪು ಜೇಡಿಯನ್ನು ಆ ಎತ್ತರದ ತಾಪಕ್ಕೆ ಒಡ್ಡಿದರೆ ಅದರ ಕಬ್ಬಿಣಾಂಶವೂ ಸುಣ್ಣವೂ ಕೂಡಿ ಪಾತ್ರೆ ಕುಸಿದು ಕರಗುತ್ತದೆ. ಮುಚ್ಚಿದ ಕೋಣೆಯಲ್ಲಿ ಒಣ ಮಣ್ಣನ್ನು ಗುಡಿಸುವುದೂ ಅಪಾಯಕಾರಿ. ಸಿಲಿಕಾದ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುವುದರಿಂದ ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಬಯಲಿನಲ್ಲಿ, ಗಾಳಿಯ ನಡುವೆ ಕೆಲಸ ಮಾಡುತ್ತಿದ್ದ ಕುಂಬಾರ ಮನೆಗಳಲ್ಲಿ ಈ ಧೂಳು ಅಷ್ಟೊಂದು ಕೂಡಿಕೊಳ್ಳುತ್ತಿರಲಿಲ್ಲವಾದರೂ, ಹೆಂಟೆ ಕುಟ್ಟುವಾಗ ಮತ್ತು ಬೂದಿ ಜರಡಿ ಹಿಡಿಯುವಾಗ ಏಳುತ್ತಿದ್ದ ಧೂಳನ್ನು ಅಲ್ಲಿಯೂ ಮನೆಮಂದಿ ಉಸಿರಾಡುತ್ತಿದ್ದರು. ಇಂದಿಗೂ ಕೈಯಿಂದಲೇ ಮಣ್ಣು ಹದ ಮಾಡುವ ಮನೆಗಳಲ್ಲಿ ಕುಟ್ಟುವ ಮುನ್ನ ನೀರು ಚಿಮುಕಿಸುವುದು, ಬಾಯಿಮೂಗಿಗೆ ಬಟ್ಟೆ ಕಟ್ಟುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ.