ಜಪಾನೀ ಉಚ್ಚಾರಣೆಯೂ ಜನಪ್ರಿಯ ಗೀತೆಯೂ

ಒಂದು ಭಾಷೆಯು ಹೊರಗಿನಿಂದ ಬಂದ ಸಂಗೀತಕ್ಕೆ ಒಗ್ಗುವುದಿಲ್ಲವೆಂಬ ಮಾತು ಇತಿಹಾಸದಲ್ಲಿ ಅನೇಕ ವೇಳೆ ಕೇಳಿಬರುತ್ತದೆ. ಜಪಾನೀ ಭಾಷೆಯ ವಿಷಯದಲ್ಲಿ ಈ ಪ್ರಶ್ನೆಯು ಸುಮಾರು ನೂರು ವರ್ಷಗಳ ಅವಧಿಯಲ್ಲಿ ಮೂರು ರೂಪಗಳಲ್ಲಿ ತಲೆದೋರಿತು. ಪ್ರತಿ ಸಲವೂ ಅದಕ್ಕೆ ಉತ್ತರ ದೊರೆತದ್ದು ಹಾಡು ಕಟ್ಟಿದವರಿಂದ. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಜಪಾನೀ ಉಚ್ಚಾರಣೆಯಲ್ಲಿ ನಾವು ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು ಕಾಲಪ್ರಮಾಣ. ನಮ್ಮ ಛಂದಸ್ಸಿನ ಮಾತ್ರೆಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ‘ತೋಕ್ಯೋ’ ಎಂಬುದು ನಾಲ್ಕು ಮಾತ್ರೆ. ‘ನಿಹೊನ್’ ಎಂಬಲ್ಲಿ ಕೊನೆಯ ಅನುನಾಸಿಕವೂ ಒಂದು ಮಾತ್ರೆಯಾಗಿ ಒಟ್ಟು ಮೂರು. ಎರಡನೆಯದು ಧ್ವನಿಯ ಏರಿಳಿತ. ತೋಕ್ಯೋ ನಗರದ ನುಡಿಯಲ್ಲಿ ‘ಹಶಿ’ ಎಂಬ ಶಬ್ದದ ಮೊದಲ ಮಾತ್ರೆಯನ್ನು ಎತ್ತರಿಸಿದರೆ ಊಟದ ಕಡ್ಡಿ, ಎರಡನೆಯದನ್ನು ಎತ್ತರಿಸಿದರೆ ಸೇತುವೆ. ಕ್ಯೋತೋ ಪ್ರಾಂತದಲ್ಲಿ ಇದು ತಿರುವುಮುರುವಾಗುತ್ತದೆ.

ಮೇಜಿ ಯುಗದಲ್ಲಿ ಶಾಲೆಗಳಿಗೆ ಪಾಶ್ಚಾತ್ಯ ಸಂಗೀತವನ್ನು ತಂದವರಲ್ಲಿ ಇಸಾವಾ ಶೂಜಿ ಪ್ರಮುಖರು. ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಇವರು ಲೂಥರ್ ವೈಟಿಂಗ್ ಮೇಸನ್ನರಲ್ಲಿ ಗಾಯನವನ್ನೂ, ಅಲೆಗ್ಸಾಂಡರ್ ಗ್ರಹಾಂ ಬೆಲ್ಲರಲ್ಲಿ ಉಚ್ಚಾರಣಾ ಶಿಕ್ಷಣವನ್ನೂ ಪಡೆದರು. 1880ರಲ್ಲಿ ಮೇಸನ್ನರೇ ಜಪಾನಿಗೆ ಬಂದರು. ಆಗ ಸಿದ್ಧವಾದ ಶಾಲಾಗೀತೆಗಳಲ್ಲಿ ‘ಹೊತಾರು ನೊ ಹಿಕಾರಿ’ ಒಂದು. ಅದರ ಧಾಟಿ ಸ್ಕಾಟ್ಲೆಂಡಿನದು. ಸಾಹಿತ್ಯವಾದರೋ ಏಳು ಮತ್ತು ಐದು ಮಾತ್ರೆಗಳ ದೇಶೀಯ ಛಂದಸ್ಸಿನದು. ಒಂದು ಸ್ವರಕ್ಕೆ ಒಂದು ಮಾತ್ರೆ ಎಂಬ ಕ್ರಮದಿಂದ ಎರಡೂ ಹೊಂದಿಕೊಂಡವು. ಆದರೆ ಧಾಟಿ ಮೊದಲೇ ಸಿದ್ಧವಾಗಿದ್ದುದರಿಂದ ಮಾತಿನ ಏರಿಳಿತಕ್ಕೆ ಅಲ್ಲಿ ಎಡೆ ದೊರೆಯಲಿಲ್ಲ.

ಈ ಕೊರತೆಯನ್ನು ನೀಗಲು ಯತ್ನಿಸಿದವರು ಬರ್ಲಿನ್ನಿನಲ್ಲಿ ಕಲಿತು ಬಂದ ಯಮಾದಾ ಕೋಸಾಕು (1886–1965). ರಾಗದ ಏರಿಳಿತವು ಮಾತಿನ ಏರಿಳಿತವನ್ನು ಅನುಸರಿಸಬೇಕೆಂಬುದು ಅವರ ಮತ. 1927ರಲ್ಲಿ ಅವರು ರಚಿಸಿದ ‘ಅಕಾತೊಂಬೊ’ ಗೀತೆಯಲ್ಲಿ ಆ ಶಬ್ದದ ಮೊದಲ ಮಾತ್ರೆ ಎತ್ತರದಲ್ಲಿದೆ. ಇಂದಿನ ತೋಕ್ಯೋ ಕಿವಿಗೆ ಇದು ಅಸಹಜವೆನಿಸಬಹುದು. ಹಳೆಯ ತೋಕ್ಯೋ ಉಚ್ಚಾರಣೆಯು ಹಾಗೆಯೇ ಇತ್ತು. ಹೀಗೆ ಒಂದು ಹಾಡು ಉಚ್ಚಾರಣೆಯ ಚರಿತ್ರೆಗೆ ಆಧಾರವಾಗಿ ಉಳಿದಿದೆ. ಆದರೂ ಯಮಾದಾರ ತತ್ತ್ವಕ್ಕೆ ಒಂದು ಮಿತಿಯುಂಟು. ಒಂದೇ ಧಾಟಿಯಲ್ಲಿ ಹಲವು ನುಡಿಗಳನ್ನು ಹಾಡುವಾಗ ಮೊದಲನೆಯದಕ್ಕೆ ಹೊಂದಿದ ರಾಗ ಎರಡನೆಯದಕ್ಕೆ ಹೊಂದದಿರಬಹುದು.

ಮೂರನೆಯ ಘಟ್ಟವು ರಾಕ್ ಸಂಗೀತದ್ದು. 1970–71ರ ಚರ್ಚೆಯಲ್ಲಿ ಉಚಿದಾ ಯೂಯಾ ಅವರು ಇಂಗ್ಲಿಷಿನಲ್ಲಿಯೇ ಹಾಡಬೇಕೆಂಬ ಪಕ್ಷವನ್ನು ಹಿಡಿದರು. ಈ ವಾದ ನಿರಾಧಾರವಾಗಿರಲಿಲ್ಲ. ಇಂಗ್ಲಿಷಿನ ‘ಲವ್’ ಒಂದು ಸ್ವರದಲ್ಲಿ ಮುಗಿದರೆ, ಅದೇ ಅರ್ಥದ ಜಪಾನೀ ‘ಅಇ’ಗೆ ಹಳೆಯ ಕ್ರಮದಂತೆ ಎರಡು ಸ್ವರ ಬೇಕು. ಇದಕ್ಕೆ ‘ಹ್ಯಾಪಿ ಎಂಡ್’ ತಂಡವು 1970 ಮತ್ತು 1971ರ ತನ್ನ ಧ್ವನಿಮುದ್ರಿಕೆಗಳಲ್ಲಿ ಜಪಾನಿಯಲ್ಲೇ ಹಾಡಿ ಉತ್ತರವಿತ್ತಿತು. 1978ರಲ್ಲಿ ‘ಸದರ್ನ್ ಆಲ್ ಸ್ಟಾರ್ಸ್’ ತಂಡದ ಕುವಾತಾ ಕೇಸುಕೆ ಅವರು ಇನ್ನೂ ಮುಂದೆ ಹೋಗಿ, ಒಂದೇ ಸ್ವರದೊಳಗೆ ಹಲವು ಮಾತ್ರೆಗಳನ್ನು ಅಡಕಿಸಿ, ಇಂಗ್ಲಿಷ್ ಛಾಯೆಯ ಉಚ್ಚಾರಣೆಯಲ್ಲಿ ಹಾಡಿದರು. ಮಾತು ಅಸ್ಪಷ್ಟವಾಯಿತೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದ್ದರೂ ಜನರು ಆ ಹಾಡುಗಳನ್ನು ಮೆಚ್ಚಿದರು.

ಈ ಮೂರು ಘಟ್ಟಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಭಾಷೆಯ ಸ್ವಭಾವವೆಂದು ತಿಳಿಯಲಾಗಿದ್ದುದರಲ್ಲಿ ಬಹುಭಾಗ ಹಾಡುವ ರೂಢಿಯಾಗಿತ್ತು. ಮಾತ್ರೆಗೊಂದು ಸ್ವರವೆಂಬ ನಿಯಮ ಒಂದು ಕಾಲದಲ್ಲಿ ನೆರವಾಯಿತು, ಇನ್ನೊಂದು ಕಾಲದಲ್ಲಿ ತೊಡಕಾಯಿತು. ಅದನ್ನು ಸಡಿಲಿಸಿದ್ದಕ್ಕೆ ಅರ್ಥಸ್ಪಷ್ಟತೆಯ ರೂಪದಲ್ಲಿ ಬೆಲೆಯನ್ನೂ ತೆರಬೇಕಾಯಿತು. ಆದ್ದರಿಂದ ಯಾವುದೇ ನುಡಿಯನ್ನು ಹೊಸ ಸಂಗೀತಕ್ಕೆ ಅನರ್ಹವೆಂದು ನಿರ್ಣಯಿಸುವ ಮುನ್ನ ಆ ನಿರ್ಣಯವು ಯಾವ ಕಾಲದ ರೂಢಿಯನ್ನು ಆಧರಿಸಿದೆ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಪರಿಶೀಲಿಸುವುದು ಯುಕ್ತ.