ಆರ್ತವಕ್ಷಯ: ಕನ್ನಡ ನಾಡಿನ ವೈದ್ಯದಲ್ಲಿ ಕಮ್ಮಿ ಮುಟ್ಟಿನ ಚರಿತ್ರೆ

ಮುಟ್ಟು ವಿಪರೀತ ಹೋದರೆ ಮನೆಯವರು ಗಾಬರಿಯಾಗಿ ದವಾಖಾನೆಗೆ ಓಡುತ್ತಾರೆ. ಕಮ್ಮಿ ಹೋದರೆ, ಒಂದೇ ದಿನಕ್ಕೆ ನಿಂತರೆ, ಬರೀ ಕಲೆಯಷ್ಟೇ ಕಂಡರೆ, ಆ ಮಾತು ಅಡುಗೆಮನೆ ದಾಟುವುದು ಅಪರೂಪ. ನೇಸರಗಿ, ಬೈಲಹೊಂಗಲ, ಸವದತ್ತಿ ಕಡೆಯ ಹಿರಿಯ ಹೆಣ್ಣುಮಕ್ಕಳು ಇದಕ್ಕೆ ಹೇಳುವ ಉಪಾಯ ಬಹುಮಟ್ಟಿಗೆ ಒಂದೇ ಬಗೆಯದು: ಮೈಗೆ ಕಾವು ಸಾಲದು, ಎಳ್ಳು-ಬೆಲ್ಲ ಕುಟ್ಟಿ ತಿನ್ನು, ಹುರಳಿ ಕಟ್ಟಿನ ಸಾರು ಕುಡಿ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ. ಋಷಿಗಳ ಜ್ಞಾನವೆಂದು ತಲೆಯ ಮೇಲೆ ಹೊತ್ತುಕೊಳ್ಳುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನ. ಈ ಉಪಾಯಕ್ಕೆ ಸುಶ್ರುತಸಂಹಿತೆಯಷ್ಟು ಹಳೆಯ ಆಧಾರವಿದೆ ನಿಜ. ಆದರೆ ಆ ಗ್ರಂಥಗಳಲ್ಲಿ ಮದ್ದಿನ ಜೊತೆಗಿದ್ದ ವಿಚಾರಣೆ ನಮ್ಮವರೆಗೆ ಬರುವಷ್ಟರಲ್ಲಿ ಕಳಚಿಹೋಗಿದೆ. ಒಳಗೆ ರಕ್ತವೇ ಸಾಕಷ್ಟು ಹುಟ್ಟದೆ ಮುಟ್ಟು ಕಮ್ಮಿಯಾಯಿತೋ, ಹುಟ್ಟಿದ್ದು ಹೊರಬರುವ ದಾರಿ ಕಟ್ಟಿಕೊಂಡು ಕಮ್ಮಿಯಾಯಿತೋ ಎಂಬ ಪ್ರಶ್ನೆ ಅದು. ಚೀನಾದ ವೈದ್ಯದಲ್ಲಿ ಇಂದಿಗೂ ಚಿಕಿತ್ಸೆ ಶುರುವಾಗುವುದು ಈ ಪ್ರಶ್ನೆಯಿಂದಲೇ. ಇಲ್ಲಿ ಅಳಿದದ್ದು ಅಲ್ಲಿ ಉಳಿದದ್ದೇಕೆ ಎಂಬುದಕ್ಕೆ ಉತ್ತರ ಗಿಡಮೂಲಿಕೆಗಳ ಗುಣದಲ್ಲಿಲ್ಲ, ವೈದ್ಯವನ್ನು ಬರೆದಿಟ್ಟ ಕ್ರಮದಲ್ಲಿದೆ ಎಂಬುದು ಈ ಲೇಖನದ ವಾದ.

ಸುಶ್ರುತಸಂಹಿತೆಯ ಸೂತ್ರಸ್ಥಾನದ 15ನೇ ಅಧ್ಯಾಯ ಆರ್ತವಕ್ಷಯದ ಲಕ್ಷಣ ಹೇಳುತ್ತದೆ: ಹೊತ್ತಿಗೆ ಸರಿಯಾಗಿ ಮುಟ್ಟು ಕಾಣದಿರುವುದು ಅಥವಾ ಕಮ್ಮಿ ಕಾಣುವುದು, ಜೊತೆಗೆ ಯೋನಿಯಲ್ಲಿ ನೋವು. ಇದಕ್ಕೆ ಶೋಧನ, ಅಂದರೆ ಮೈಯ ದೋಷ ಹೊರಹಾಕುವ ಚಿಕಿತ್ಸೆ, ಮಾಡಿಸಬೇಕು, ಆಗ್ನೇಯ ದ್ರವ್ಯಗಳನ್ನು ಕೊಡಬೇಕು. ಆರ್ತವವೇ ಆಗ್ನೇಯವಾದದ್ದೆಂಬುದು ಸುಶ್ರುತನ ಸಿದ್ಧಾಂತ; ಬೆಂಕಿಯ ಗುಣದ್ದು ಕ್ಷಯಿಸಿದರೆ ಅದೇ ಗುಣದ ಪದಾರ್ಥದಿಂದ ತುಂಬಬೇಕೆಂಬುದು ಅದರ ತರ್ಕ. ಶಾರೀರಸ್ಥಾನದ 2ನೇ ಅಧ್ಯಾಯಕ್ಕೆ ಬಂದರೆ ಕಾರಣವೇ ಬೇರೆ. ದೋಷಗಳು ದಾರಿಯನ್ನು ಮುಚ್ಚಿದ್ದರಿಂದ ಆರ್ತವ ಕಾಣೆಯಾಗುತ್ತದೆ. ಆಗ ಮೀನು, ಹುರಳಿ, ಹುಳಿ, ಎಳ್ಳು, ಉದ್ದು, ಸುರೆ, ಗೋಮೂತ್ರ, ಮಜ್ಜಿಗೆ, ಮೊಸರು ಹಿತ. ನಮ್ಮ ಎಳ್ಳೂ ಹುರಳಿಯೂ ಈ ಪಟ್ಟಿಯವೇ ಎಂಬುದನ್ನು ಗಮನಿಸಬೇಕು. ಇನ್ನು ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೇ ಅಧ್ಯಾಯದ ಪ್ರಕಾರ ಶುದ್ಧ ಆರ್ತವ ತಿಂಗಳಿಗೊಮ್ಮೆ ಬಂದು ಐದು ರಾತ್ರಿ ಇರುತ್ತದೆ, ಉರಿ ನೋವು ಇರುವುದಿಲ್ಲ, ಅತಿ ಹೆಚ್ಚೂ ಆಗಿರುವುದಿಲ್ಲ, ಅತಿ ಕಮ್ಮಿಯೂ ಆಗಿರುವುದಿಲ್ಲ. ಕಮ್ಮಿಯಾಗುವುದೂ ಒಂದು ದೋಷವೆಂದು ಚರಕ ಹೀಗೆ ಸ್ಪಷ್ಟವಾಗಿ ಒಪ್ಪುತ್ತಾನೆ. ಅದೇ ಅಧ್ಯಾಯದ ಅರಜಸ್ಕಾ ಎಂಬ ರೋಗದಲ್ಲಿ ಗರ್ಭಾಶಯ ಸೇರಿದ ಪಿತ್ತ ರಕ್ತವನ್ನು ಕೆಡಿಸಿ ಹೆಂಗಸು ಸೊರಗಿ ಬಣ್ಣಗೆಡುತ್ತಾಳೆ. ಆಯುರ್ವೇದದ ಇನ್ನೊಬ್ಬ ಆಚಾರ್ಯ ವಾಗ್ಭಟ ಹೇಳುವ ಲೋಹಿತಕ್ಷಯಾ ಎಂಬ ರೋಗ ಕೂಡ ವಾತಪಿತ್ತಗಳಿಂದ ಹುಟ್ಟಿದ್ದು, ಉರಿ ಅದರ ಲಕ್ಷಣ. ಇಂಥವಳಿಗೆ ಕಾವೇರಿಸುವ ಆಹಾರ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಅಂದರೆ ಶಾಸ್ತ್ರ ಕನಿಷ್ಠ ಮೂರು ಬಗೆ ಗುರುತಿಸಿತ್ತು: ಬರಿದಾದದ್ದು, ಕಟ್ಟಿಕೊಂಡದ್ದು, ಪಿತ್ತದಿಂದ ಒಣಗಿದ್ದು. ಇಂದಿನ ಮನೆಮದ್ದು ಇವೆಲ್ಲಕ್ಕೂ ಕಾವೊಂದನ್ನೇ ಹೇಳುತ್ತದೆ.

ಸುಶ್ರುತನ ಆ ಆಹಾರದ ಪಟ್ಟಿ ಕನ್ನಡ ನಾಡಿನಲ್ಲಿ ಹಾದುಬಂದ ದಾರಿ ಜೈನ ವೈದ್ಯರದು. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯ ಸಂಸ್ಕೃತದಲ್ಲಿ ಬರೆದ 'ಕಲ್ಯಾಣಕಾರಕ' ಮದ್ಯ, ಮಾಂಸ, ಜೇನು ಮೂರನ್ನೂ ಮದ್ದಿನಿಂದ ಹೊರಗಿಟ್ಟಿತು. ಮಾಂಸಾಹಾರ ನಿರರ್ಥಕವೆಂದು ರಾಜಸಭೆಯಲ್ಲಿ ಮಂಡಿಸಿದ ವಾದವೇ ಅದರ ಕೊನೆಗೆ ಒಂದು ಅಧ್ಯಾಯವಾಗಿ ಸೇರಿದೆ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಜೈನಾಚಾರ್ಯ ಪೂಜ್ಯಪಾದರ ಕೃತಿಯನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಕ್ಕೆ ತಂದಾಗಲೂ ಮದ್ಯ, ಮಾಂಸ ಇಲ್ಲದ ಚಿಕಿತ್ಸೆಯನ್ನೇ ಹೇಳಿದ. ಬೆಳಗಾವಿ ಸೀಮೆ ಈ ಪರಂಪರೆಗೆ ಹೊರಗಿನದಲ್ಲ. ಸವದತ್ತಿಯಿಂದ, ಆಮೇಲೆ ವೇಣುಗ್ರಾಮದಿಂದ, ಅಂದರೆ ಇಂದಿನ ಬೆಳಗಾವಿಯಿಂದ, ಆಳಿದ ರಟ್ಟರು ಬಸದಿಗಳಿಗೆ ಆಶ್ರಯ ಕೊಟ್ಟವರು. ಬೆಳಗಾವಿ ಕೋಟೆಯ ಕಮಲ ಬಸದಿಯನ್ನು 1204ರಲ್ಲಿ ಕಟ್ಟಿಸಿದ ಬೀಚಿರಾಜ ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ. ನೇಸರಗಿಯಲ್ಲೂ ರಟ್ಟರ ಕಾಲದ ಶಾಸನವಿದೆ. ಮುಂದೆ ಇಲ್ಲಿ ಬಲವಾಗಿ ನೆಲೆಯೂರಿದ ಲಿಂಗಾಯತ ಆಚಾರವೂ ಮದ್ಯ, ಮಾಂಸ ದೂರವಿಟ್ಟಿತು. ಸುಶ್ರುತನ ಪಟ್ಟಿಯಿಂದ ಮೀನನ್ನೂ ಸುರೆಯನ್ನೂ ತೆಗೆದರೆ, ಗೋಮೂತ್ರವೊಂದನ್ನು ಬಿಟ್ಟು, ಉಳಿಯುವುದು ಎಳ್ಳು, ಉದ್ದು, ಹುರಳಿ, ಹುಳಿ, ಮಜ್ಜಿಗೆ, ಮೊಸರು. ಅಂದರೆ ಈ ಭಾಗದ ದಿನನಿತ್ಯದ ಊಟ. ಎಳ್ಳು, ಹುರಳಿ ಇಲ್ಲಿನ ಹೊಲದಲ್ಲೇ ಬೆಳೆಯುವಂಥವು, ಅವನ್ನು ತಿನ್ನಲು ಸುಶ್ರುತ ಬೇಕಿರಲಿಲ್ಲ ಎಂದು ಯಾರಾದರೂ ಕೇಳಬಹುದು. ಒಪ್ಪುವ ಮಾತೇ. ಆದರೆ ತಿನ್ನುವುದು ಬೇರೆ, ಮುಟ್ಟು ಕಮ್ಮಿಯಾದಾಗಲೇ ತಿನ್ನಬೇಕೆನ್ನುವುದು ಬೇರೆ. ಆ ಎರಡನೆಯ ಮಾತು ಗ್ರಂಥಕ್ಕೂ ಅಡುಗೆಮನೆಗೂ ಒಂದೇ ಆಗಿರುವುದನ್ನು ಆಕಸ್ಮಿಕವೆಂದು ಬಿಡಲು ನನ್ನ ಮನಸ್ಸು ಒಪ್ಪದು. ಮದ್ದು ಊಟವಾಗಿ ಕರಗಿದ ಮೇಲೆ ಅದನ್ನು ಕೊಡಲು ವೈದ್ಯನೂ ಬೇಕಾಗಲಿಲ್ಲ, ವೈದ್ಯನ ವಿಚಾರಣೆಯೂ ಬೇಕಾಗಲಿಲ್ಲ.

ಕನ್ನಡದ ವೈದ್ಯರಿಗೆ ಲಕ್ಷಣ ಬಿಡಿಸಿ ನೋಡುವ ಶಕ್ತಿ ಇರಲಿಲ್ಲವೆಂದಲ್ಲ. 14ನೇ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತದೆ. ಕೀರ್ತಿವರ್ಮ ದನಗಳಿಗೆ 'ಗೋವೈದ್ಯ' ಬರೆದ, ದೇವೇಂದ್ರಮುನಿ ಮಕ್ಕಳಿಗಾಗಿ 'ಬಾಲಗ್ರಹಚಿಕಿತ್ಸೆ' ಬರೆದ. ಈ ಹೆಸರಾಂತ ಸಾಲಿನಲ್ಲಿ ಹೆಂಗಸರ ರೋಗಕ್ಕೇ ಮೀಸಲಾದದ್ದು ಸೇರಲಿಲ್ಲ. ಮನೆತನದ ವೈದ್ಯರ ಓಲೆಕಟ್ಟುಗಳಲ್ಲಿ ಬರೆಯುವ ರೂಢಿಯೂ ಯೋಗಗಳದ್ದು: ರೋಗದ ಹೆಸರು, ಬೇರು-ತೊಗಟೆ, ತೂಕ, ಅನುಪಾನ. ಯಾವ ಹೆಂಗಸು, ಎಷ್ಟು ವಯಸ್ಸು, ಏನು ಕೊಟ್ಟಾಗ ಏನಾಯಿತು ಎಂದು ಬರೆದಿಡುವ ಪದ್ಧತಿ ಬೆಳೆಯಲಿಲ್ಲ. ಇದರ ಫಲ ಇಂದಿನ ಔಷಧ ಅಂಗಡಿಯಲ್ಲೂ ಕಾಣುತ್ತದೆ. 'ಭೈಷಜ್ಯರತ್ನಾವಳಿ'ಯ ರಜಃಪ್ರವರ್ತಿನೀ ವಟಿ ಲೋಳೆಸರ, ಇಂಗು, ಬಿಳಿಗಾರ, ಕಾಸೀಸ ಕೂಡಿದ ತೀಕ್ಷ್ಣ ಯೋಗ, ಕಟ್ಟಿದ್ದನ್ನು ಬಿಡಿಸುವುದೇ ಅದರ ಕೆಲಸ. ಬರಿದಾದ ಮೈಗೆ ಅದು ಸಲ್ಲದು. ಅಶೋಕಾರಿಷ್ಟ ಮೂಲದಲ್ಲಿ ಅತಿಸ್ರಾವದ ಮದ್ದು. ಆದರೂ ಮುಟ್ಟಿನ ತೊಂದರೆ ಎಂದರೆ ಸಾಕು, ಕಮ್ಮಿಯೋ ಹೆಚ್ಚೋ ಕೇಳದೆ ಅದರ ಬಾಟಲಿ ಕೈಸೇರುವುದುಂಟು.

ಚೀನಾದಲ್ಲಿ ಚರಿತ್ರೆ ಬೇರೆ ತಿರುವು ತೆಗೆದುಕೊಂಡಿತು. ಅಲ್ಲಿನ ಮೂಲಗ್ರಂಥ 'ಹುಆಂಗ್‌ದಿ ನೈಜಿಂಗ್' ಹುಡುಗಿಗೆ 14ರಲ್ಲಿ ಮುಟ್ಟು ಬಂದು 49ರಲ್ಲಿ ನಿಲ್ಲುತ್ತದೆನ್ನುತ್ತದೆ. ಸುಶ್ರುತ 12 ಮತ್ತು 50 ಎನ್ನುತ್ತಾನೆ. ಇಷ್ಟು ಹತ್ತಿರದಿಂದ ಹೊರಟ ಎರಡು ಪರಂಪರೆಗಳಲ್ಲಿ ಚೀನಾದ್ದು 1237ರ ಹೊತ್ತಿಗೆ ಚೆನ್ ಜಿಮಿಂಗ್ ಎಂಬ ವೈದ್ಯನಿಂದ ಹೆಂಗಸರ ರೋಗಗಳಿಗೇ ಮೀಸಲಾದ ದೊಡ್ಡ ಗ್ರಂಥ ಪಡೆಯಿತು. ಕಮ್ಮಿ ಮುಟ್ಟನ್ನು ಅವರು ರಕ್ತದ ಕೊರತೆ, ಮೂತ್ರಪಿಂಡದ ಸತ್ವದ ಕೊರತೆ, ಹೆಪ್ಪುಗಟ್ಟಿದ ರಕ್ತ, ಕಫದ ತಡೆ ಎಂದು ವಿಂಗಡಿಸುತ್ತಾರೆ. ಮೊದಲೆರಡು ಬರಿದಿನ ಬಗೆ, ಕೊನೆಯೆರಡು ಕಟ್ಟಿನ ಬಗೆ. ಮುಟ್ಟಿನ ಬಣ್ಣ ತಿಳಿಯೋ ಕಪ್ಪೋ, ಗಡ್ಡೆಗಳಿವೆಯೋ, ಹೊಟ್ಟೆ ಒತ್ತಿದರೆ ಹಿತವೋ ನೋವೋ ಎಂದು ಕೇಳಿ, ನಾಡಿ, ನಾಲಿಗೆ ನೋಡಿ ತೀರ್ಮಾನಿಸುತ್ತಾರೆ. ಮದ್ದಿಗಿಂತ ಮುಖ್ಯವಾದದ್ದು ಅವರ ದಾಖಲೆ. ತಾನ್ ಯುನ್‌ಶಿಯಾನ್ ಎಂಬ ವೈದ್ಯೆ ಅಜ್ಜಿಯಿಂದ ವಿದ್ಯೆ ಕಲಿತು, ತನ್ನ 50ನೇ ವಯಸ್ಸಿನಲ್ಲಿ, 16ನೇ ಶತಮಾನದ ಆರಂಭದಲ್ಲಿ, ತಾನು ನೋಡಿದ 31 ಹೆಂಗಸರ ರೋಗವಿವರ ಬರೆದಿಟ್ಟಳು. 1591ರಲ್ಲಿ ಅಚ್ಚಾದ 'ಮಿಂಗ್‌ಯಿ ಲೈಆನ್' ಹೆಸರಾಂತ ವೈದ್ಯರ ಇಂಥ ವಿವರಗಳನ್ನೇ ಸಂಗ್ರಹಿಸಿತು. ರೋಗಿಯ ಕಥೆ ಬರೆಯಹೊರಟವನಿಗೆ ಯಾಕೆ ಈ ಮದ್ದು ಕೊಟ್ಟೆ ಎಂದು ಹೇಳದೆ ವಿಧಿಯಿಲ್ಲ. ಬರೀ ಯೋಗ ಬರೆಯುವವನಿಗೆ ಆ ಬಾಧ್ಯತೆ ಇಲ್ಲ.

ಈ ಅಂತರ ಕಣ್ಣಿಗೆ ಕಟ್ಟುವುದು ಕುಸುಬಿಯಲ್ಲಿ. ಬೆಳಗಾವಿ, ಧಾರವಾಡ, ವಿಜಯಪುರದ ಎರಿ ಹೊಲಗಳಲ್ಲಿ ಬಿಳಿಜೋಳ, ಕಡಲೆಯ ಜೊತೆ ಹಿಂಗಾರಿಗೆ ಬರುವ ಬೆಳೆ ಇದು. ಮುಳ್ಳಿರುವುದರಿಂದ ದನ ನುಗ್ಗದಂತೆ ಹೊಲದ ಅಂಚಿಗೆ ಸಾಲು ಹಾಕುವುದೂ ಉಂಟು. ಹಳದಿಯಾಗಿ ಅರಳಿದ ಎಸಳು ದಿನ ಕಳೆದಂತೆ ಕೆಂಪೇರುತ್ತದೆ. ನಮಗೆ ಬೇಕಾದದ್ದು ಕಾಳು, ಗಾಣದ ಎಣ್ಣೆ; ಎಸಳು ಹೊಲದಲ್ಲೇ ಒಣಗಿ ಉದುರುತ್ತದೆ. ಚರಕನಂತೂ ಕುಸುಬಿ ಎಣ್ಣೆಯನ್ನು ಸಸ್ಯದ ಎಣ್ಣೆಗಳಲ್ಲೇ ಅತ್ಯಂತ ಅಹಿತವೆಂದ. ಅದೇ ಗಿಡದ ಅದೇ ಎಸಳು ಚೀನಾದಲ್ಲಿ ಹೊಂಗ್ ಹುಆ, ರಕ್ತವನ್ನು ಹರಿಯಗೊಡುವ ಮುಖ್ಯ ಮದ್ದು. ಚೀನಾದ ಪ್ರಾಚೀನ ವೈದ್ಯ ಜಾಂಗ್ ಜೊಂಗ್‌ಜಿಂಗ್ ಅದನ್ನು ಮದ್ಯದಲ್ಲಿ ಕುದಿಸಿ ಹೆಂಗಸರ ಹೊಟ್ಟೆಯ ಚುಚ್ಚುನೋವಿಗೆ ಕೊಟ್ಟ. 1742ರ 'ಯಿಜೊಂಗ್ ಜಿನ್‌ಜಿಯಾನ್' ಎಂಬ ಅರಮನೆಯ ವೈದ್ಯಕೋಶ ನಾಲ್ಕು ಮೂಲಿಕೆಗಳ ಹಳೆಯ ಕಷಾಯ ಸಿ ವು ತಾಂಗ್‌ಗೆ ಕುಸುಬಿ ಎಸಳನ್ನೂ ಪೀಚ್ ಹಣ್ಣಿನ ಬೀಜದ ತಿರುಳನ್ನೂ ಕೂಡಿಸುತ್ತದೆ. ನಾಲ್ಕು ಮೂಲಿಕೆ ರಕ್ತ ತುಂಬಲು, ಈ ಎರಡು ಹೆಪ್ಪು ಒಡೆಯಲು. ಬರೀ ಕೊರತೆಯಿದ್ದವಳಿಗೆ ಎಸಳಿನ ಭಾಗ ಬೇಡ, ಬಸುರಿಗೆ ಕೊಡಲೇಬಾರದು. ಗಿಡದ ಗುಣ ಗೊತ್ತಿದ್ದರೆ ಸಾಲದು, ಯಾರಿಗೆ ಕೊಡಬಾರದೆಂಬುದನ್ನೂ ಕೂಡಿಯೇ ಬರೆದಿಟ್ಟರು.

ಚೀನಾವನ್ನು ಇಷ್ಟು ಎತ್ತಿ ಹಿಡಿಯಬಾರದೆಂದು ಒಬ್ಬರು ಹೇಳಬಹುದು. ಅಲ್ಲೂ ವು ಜಿ ಬೈ ಫೆಂಗ್ ವಾನ್‌ನಂಥ ಗುಳಿಗೆಗಳು ಎಲ್ಲ ಹೆಂಗಸರಿಗೂ ಮಾರಾಟವಾಗುತ್ತವಲ್ಲ. ನಿಜ, ಅಂಗಡಿಯಲ್ಲಿ ಎರಡು ದೇಶಗಳೂ ಒಂದೇ. ವೈದ್ಯರ ಕೈಯಲ್ಲಿ ಮಾತ್ರ ವ್ಯತ್ಯಾಸ ಉಳಿದಿದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಮುಟ್ಟು ಮೈಲಿಗೆಯಾದದ್ದರಿಂದ ಅದರ ಮಾತೇ ನಿಂತುಹೋಯಿತು, ಬರಹದ ಕ್ರಮವನ್ನು ದೂರುವುದೇಕೆ? ಆದರೆ ಇದೇ ನಾಡಿನಲ್ಲಿ 12ನೇ ಶತಮಾನದ ಶರಣರು ಪಂಚಸೂತಕಗಳಲ್ಲಿ ಒಂದಾದ ರಜಸ್ಸೂತಕವನ್ನೂ, ಅಂದರೆ ಮುಟ್ಟಿನ ಮೈಲಿಗೆಯನ್ನೂ, ಅಲ್ಲಗಳೆದರು. ಆಚರಣೆಯಲ್ಲಿ ಮುಟ್ಟಾದವಳನ್ನು ಕಡಿಗಿ (ಹೊರಗೆ) ಕೂಡಿಸುವುದು ಎಷ್ಟೋ ಮನೆಗಳಲ್ಲಿ ಮುಂದುವರಿಯಿತಾದರೂ, ತಾತ್ವಿಕವಾಗಿ ತಡೆ ಮುರಿದ ಕಡೆಯಲ್ಲೂ ರೋಗಿಯ ದಾಖಲೆ ಹುಟ್ಟಲಿಲ್ಲ. ಚೀನಾದಲ್ಲಿ ನಾಚಿಕೆ, ಪರದೆ ಕಮ್ಮಿಯೇನಿರಲಿಲ್ಲ, ಆದರೂ ದಾಖಲೆ ಬೆಳೆಯಿತು. ಮೈಲಿಗೆ ಒಂದು ಕಾರಣ ಹೌದು, ಅದೊಂದೇ ಅಲ್ಲ.

ಆಧುನಿಕ ವೈದ್ಯ ಬಂದಮೇಲೆ ಈ ಹಳೆಯ ಪ್ರಶ್ನೆಗೆ ಬೆಲೆ ಇಲ್ಲವೆನ್ನುವವರಿಗೂ ಉತ್ತರ ಕೊಡಬೇಕು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 40 ಮಿಲಿಲೀಟರ್. ಅದಕ್ಕಿಂತ ತೀರ ಕಮ್ಮಿಯಾಗಲು ಥೈರಾಯ್ಡ್, ಅಂಡಾಶಯದ ನೀರುಗುಳ್ಳೆ, ತೂಕ ಇಳಿದದ್ದು, ಗರ್ಭನಿರೋಧಕ ಹಾರ್ಮೋನು ಕಾರಣವಿರಬಹುದು. ಬಸುರಿನ ಮೊದಲ ದಿನಗಳ ಕಲೆಯೂ ಇರಬಹುದು, ಆಗ ಕಾವಿನ ಮದ್ದು ಅಪಾಯ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿ ಗ್ರಂಥಿ ಸೊರಗುವುದನ್ನು ಶೀಹನ್ ಎಂಬ ವೈದ್ಯ 1937ರಲ್ಲಿ ವಿವರಿಸಿದ. ಗರ್ಭಕೋಶದ ಒಳಗೋಡೆಗಳು ಅಂಟಿಕೊಳ್ಳುವುದನ್ನು ಆಶರ್ಮನ್ ಎಂಬ ವೈದ್ಯ 1948ರಲ್ಲಿ ವಿವರಿಸಿದ. ಒಂದು ಹುಟ್ಟಿಸುವ ಕಡೆಯ ದೋಷ, ಇನ್ನೊಂದು ಗರ್ಭಕೋಶದ್ದೇ ದೋಷ; ಕಮ್ಮಿಯಾದದ್ದು ಎಲ್ಲಿ, ಯಾಕೆ ಎಂದು ಕೇಳುವ ಹಳೆಯ ಕ್ರಮಕ್ಕೆ ಇಲ್ಲೂ ಬೆಲೆಯಿದೆ. ಹಾಗೆಂದು ದೋಷ-ಧಾತುಗಳ ಸಿದ್ಧಾಂತ ಇದರಿಂದ ಸಾಬೀತಾಗುವುದಿಲ್ಲ, ಎಳ್ಳು ತಿಂದರೆ ಇವು ವಾಸಿಯಾಗುವುದೂ ಇಲ್ಲ. ಮುಟ್ಟು ಕಮ್ಮಿಯೆಂದರೆ ಮೈಯಲ್ಲಿ ರಕ್ತ ಕಮ್ಮಿ ಎಂಬ ನಂಬಿಕೆಯೂ ತಪ್ಪು ದಾರಿಗೆ ಒಯ್ಯುತ್ತದೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು, ಅದನ್ನು ತಿಳಿಯಬೇಕಾದದ್ದು ರಕ್ತಪರೀಕ್ಷೆಯಿಂದ.

ಕಳಚಿಹೋದ ಆ ವಿಚಾರಣೆಯನ್ನು ದಾಖಲೆಯಾಗಿ ಮತ್ತೆ ಕಟ್ಟಲು ನೆಲೆ ಇಲ್ಲೇ ಇದೆ. ಬೆಳಗಾವಿ ಶಹಾಪುರದಲ್ಲಿ ಕೆ.ಎಲ್.ಇ. ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ 1933ರಿಂದ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯೂ ಇದೇ ಊರಲ್ಲಿದೆ. ಆಯುರ್ವೇದ ವಿದ್ಯಾರ್ಥಿಗಳು ಇಂದು ಕೇಸ್ ಪೇಪರಿನಲ್ಲಿ ಮುಟ್ಟು ಎಷ್ಟು ದಿನ, ಎಷ್ಟು ಪ್ರಮಾಣ, ನೋವೆಲ್ಲಿ ಎಂದು ಬರೆದುಕೊಳ್ಳಲು ಕಲಿಯುತ್ತಾರೆ. ಬೈಲಹೊಂಗಲ, ರಾಮದುರ್ಗದ ಹೆಂಗಸರ ಇಂಥ ವಿವರಗಳನ್ನು ಹೆಸರು ತೆಗೆದು, ಕೊಟ್ಟ ಮದ್ದು, ಕೊಟ್ಟ ಕಾರಣ, ಆದ ಫಲ, ಆಗದೆ ಹೋದ ಫಲ ಸಮೇತ ಕನ್ನಡದಲ್ಲಿ ಅಚ್ಚು ಹಾಕಿದರೆ, ತಾನ್ ಯುನ್‌ಶಿಯಾನ್ ಬರೆದಂಥ ಪುಸ್ತಕವೊಂದು ನಮ್ಮಲ್ಲೂ ಆಗುತ್ತದೆ.