ಬಳ್ಳಾರಿ ಸೀಮೆಯ ಮನೆ, ಓಣಿ, ಕಟ್ಟೆ: ಒಂದು ವಸತಿ ಚರಿತ್ರೆ

ಮಳೆ ಕಡಿಮೆ, ಬಿಸಿಲು ಹೆಚ್ಚು, ಮರ ವಿರಳ, ಕಣಶಿಲೆ ಹೇರಳ. ಬಳ್ಳಾರಿ ಸೀಮೆಯ ಮನೆಗಳಿಗೆ ರೂಪ ಕೊಟ್ಟಿದ್ದು ಈ ನಾಲ್ಕು ಸಂಗತಿಗಳು. ಇಲ್ಲಿನ ಹಳೆಯ ಮನೆ ಮಣ್ಣಿನ ಮಾಳಿಗೆಯದು. ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಮೇಲೆ ತೊಲೆ, ಜಂತೆ ಜೋಡಿಸಿ ಮಣ್ಣಿನ ಮೇಲ್ಮುದ್ದೆ ಹಾಕುತ್ತಿದ್ದರು. ನೀರು ಇಳಿಯದಂತೆ ಅದರ ಮೇಲೆ ಚೌಳು ಮಣ್ಣು ಹರಡುತ್ತಿದ್ದರು. ಬೆಳಕು ಬರಲು, ಹೊಗೆ ಹೋಗಲು ಗವಾಕ್ಷಿ ಇರುತ್ತಿತ್ತು. ಅಕ್ಕಪಕ್ಕದ ಮನೆಗಳಿಗೆ ಒಂದೇ ಗೋಡೆಯಾದ್ದರಿಂದ ಬಿಸಿಲು ತಾಕುವ ಭಾಗ ಕಡಿಮೆಯಾಗುತ್ತಿತ್ತು. ಮಾಳಿಗೆ ಹಗಲು ಮೆಣಸಿನಕಾಯಿ ಒಣಗಿಸುವ ಕಣವಾದರೆ, ಬೇಸಿಗೆಯ ರಾತ್ರಿ ಮಲಗುವ ಜಾಗ. ಬಾಗಿಲ ಮುಂದಿನ ಕಟ್ಟೆ ಓಣಿಯವರೆಲ್ಲ ಕೂಡುವ ತಾಣವಾಗಿತ್ತು. ಆದರೆ ಈ ಕೂಡುಬಾಳ್ವೆಗೆ ಎಲ್ಲೆಯಿತ್ತು. ಕೇರಿಗಳು ಜಾತಿಯಂತೆ ಬೇರೆಯಾಗಿದ್ದವು. ಊರ ಬಾವಿ ದಲಿತರಿಗೆ ನಿಷಿದ್ಧವಾಗಿತ್ತು.

ಕಲ್ಲಿನ ಕೆಲಸದ ಪರಂಪರೆಗೆ ಕುರುಗೋಡು ಸಾಕ್ಷಿ. ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ನೆಲೆಯಾಗಿದ್ದ ಈ ಊರಲ್ಲಿ ಬೆಟ್ಟದ ಕೋಟೆ, ಹಳೆಯ ದೇಗುಲಗಳು ಉಳಿದಿವೆ. ದೊಡ್ಡಬಸವೇಶ್ವರ ಗುಡಿಯ ಬೃಹತ್ ನಂದಿ ಇಂದಿಗೂ ಊರಿನ ಗುರುತು.

ಬಳ್ಳಾರಿ ನಗರ ಬೆಳೆದದ್ದು ಕೋಟೆಯ ಸುತ್ತ. ಮೇಲಿನ ಕೋಟೆ ಪಾಳೆಯಗಾರ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿಯ ಕಾಲದ್ದು. 1800ರಲ್ಲಿ ನಿಜಾಮನಿಂದ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು, ದಂಡು ಬೀಡುಬಿಟ್ಟಿತು. ಅಧಿಕಾರಿಗಳಿಗೆ ವಿಶಾಲ ಆವರಣದ ಬಂಗಲೆಗಳಾದವು. ವ್ಯಾಪಾರಿಗಳು, ಕೆಲಸಗಾರರು ಕೌಲ್ ಬಜಾರ್, ಬ್ರೂಸ್‌ಪೇಟೆಗಳಲ್ಲಿ ಒತ್ತೊತ್ತಾಗಿ ನೆಲೆಸಿದರು. 1901ರಲ್ಲಿ ನಗರದ ಜನಸಂಖ್ಯೆ 58,247. ದಂಡಿನ ವೈಶಾಲ್ಯ ಮತ್ತು ಪೇಟೆಯ ಇಕ್ಕಟ್ಟು ನಗರದ ನಕ್ಷೆಯಲ್ಲಿ ಅಂದೇ ಮೂಡಿದವು. ಇಂದು ಕೌಲ್ ಬಜಾರಿನ ಎಷ್ಟೋ ಮನೆಗಳಲ್ಲಿ ಜೀನ್ಸ್ ಹೊಲಿಗೆ ನಡೆಯುತ್ತದೆ. ವಾಸಕ್ಕೂ ದುಡಿಮೆಗೂ ಒಂದೇ ಕೋಣೆಯಾದಾಗ ಗಾಳಿ, ಬೆಳಕಿನ ಅಗತ್ಯ ಇಮ್ಮಡಿಯಾಗುತ್ತದೆ.

ಇದೇ ಸೀಮೆಯ ಸಿರುಗುಪ್ಪದ ಚರಿತ್ರೆ ನೀರಿನದು. ವಿಜಯನಗರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳಿಂದ ಇಲ್ಲಿ ಮೊದಲೇ ಭತ್ತ ಬೆಳೆಯುತ್ತಿತ್ತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ದಶಕದಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಿತು, ಆಂಧ್ರದ ಕರಾವಳಿಯಿಂದ ರೈತರು ಬಂದು ಹೊಲಗಳ ನಡುವೆ ‘ಕ್ಯಾಂಪ್’ಗಳನ್ನು ಕಟ್ಟಿಕೊಂಡರು. ಅಕ್ಕಿ ಗಿರಣಿಗಳು ಎದ್ದವು. ನೀರು ಮನೆ ಕೆಡವಿದ್ದೂ ಉಂಟು: 2009ರ ಅಕ್ಟೋಬರ್ ನೆರೆಯಲ್ಲಿ ಉತ್ತರ ಕರ್ನಾಟಕದ ಅಸಂಖ್ಯ ಮಣ್ಣಿನ ಮನೆಗಳು ಕುಸಿದವು. ಸಂತ್ರಸ್ತರಿಗಾಗಿ ಸರ್ಕಾರ ‘ಆಸರೆ’ ಯೋಜನೆ ತಂದಿತು. ಒಂದೇ ಅಳತೆಯ ಮನೆಗಳ ಸಾಲು ತಲೆಗೆ ಸೂರು ಕೊಡುತ್ತದೆ. ಆದರೆ ಒಕ್ಕಲು ಕುಟುಂಬಕ್ಕೆ ದನ ಕಟ್ಟಲು, ಫಸಲು ಇಡಲು ಜಾಗವೂ ಬೇಕು.

ಈಗ ಮಾಳಿಗೆಯ ಸ್ಥಾನಕ್ಕೆ ಸಿಮೆಂಟಿನ ಚಾವಣಿ ಬಂದಿದೆ. ಅದಕ್ಕೆ ವರ್ಷವರ್ಷ ಮಣ್ಣು ಹಾಕಬೇಕಿಲ್ಲ, ಮಳೆಗೆ ಕರಗುವ ಭಯವಿಲ್ಲ. ಆದರೆ ಹಗಲಿನ ಬಿಸಿಲನ್ನು ಹೀರಿ ರಾತ್ರಿಯೆಲ್ಲ ಮನೆಯೊಳಗೆ ಕಾವು ಬಿಡುತ್ತದೆ. ರಸ್ತೆ ಅಗಲವಾದಂತೆ ಕಟ್ಟೆಗಳೂ ಇಲ್ಲವಾಗುತ್ತಿವೆ. ಈ ಸೀಮೆಯ ಹೊಸ ಬಡಾವಣೆಗಳಿಗೆ ದಪ್ಪ ಗೋಡೆ, ನೆರಳಿನ ಓಣಿ ಮತ್ತು ಜಾತಿಭೇದವಿಲ್ಲದೆ ಎಲ್ಲರೂ ಕೂರಬಲ್ಲ ಕಟ್ಟೆ ಬೇಕು. ಮೊದಲೆರಡನ್ನು ಹಳೆಯ ಊರುಗಳಿಂದಲೇ ಕಲಿಯಬಹುದು, ಮೂರನೆಯದನ್ನು ಹೊಸದಾಗಿ ಕಟ್ಟಬೇಕು.